ಮೀನಿನ ಬಾಲಕ್ಕೆ ಬಂದ ಕೊಳೆ

ನಮ್ಮ ಮನೆಗೆ ಬರುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜಗಲಿಯ ಮೂಲೆಯಲ್ಲಿ ಒಂದು ನೀಲಿ ಬಕೆಟ್ ನೀರು ಸುಮ್ಮನೆ ನಿಂತಿರುತ್ತದೆ. ಅದು ಕಾಲು ತೊಳೆಯುವ ನೀರಲ್ಲ. ಬಾಗಿಲಲ್ಲಿ ನೀರು ಇಟ್ಟಿದ್ದಾರೆ ಎಂದರೆ ಕಾಲು ತೊಳೆದು ಒಳಗೆ ಬನ್ನಿ ಎಂದೇ ನಮ್ಮ ಕಡೆ ಅರ್ಥ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ನೀರು ಇಟ್ಟವಳೂ ನಾನೇ. ಈಗ ಅದೇ ಜಾಗದಲ್ಲಿ ಬಕೆಟ್ ಇಟ್ಟು ಮುಟ್ಟಬೇಡಿ ಎಂದರೆ ಯಾರು ಕೇಳುತ್ತಾರೆ? ಮೊನ್ನೆ ಯಸಳೂರಿನಿಂದ ಬಂದ ನೆಂಟರೊಬ್ಬರು ಚಪ್ಪಲಿ ಬಿಟ್ಟು, ಪಂಚೆ ಎತ್ತಿ, ಚೊಂಬು ಅದ್ದಿಯೇ ಬಿಟ್ಟರು.

"ಅಯ್ಯೋ ಅಣ್ಣಯ್ಯ, ಅದು ಮೀನಿನ ನೀರು!" ಎಂದು ನಾನು ಅಡುಗೆಮನೆಯಿಂದಲೇ ಕೂಗಿದೆ.

ಅವರು ಒಂದು ಕಾಲು ಮೇಲೆತ್ತಿಕೊಂಡು ಗದ್ದೆಯ ಕೊಕ್ಕರೆಯ ಹಾಗೆ ನಿಂತರು. "ಮೀನಿಂದಾ? ಲಿಂಗ ಕಟ್ಟಿದ ಮನೇಲಿ ಮೀನಾ?"

"ಹೂಂ, ಮೀನೇ. ಒಳಗೆ ಬನ್ನಿ, ಭಯ ಬೀಳ್ಬೇಡಿ. ಸಾರಲ್ಲಿಲ್ಲ, ಗಾಜಲ್ಲೈತೆ."

ಬೆಳಗೋಡಿನ ಆಚೆಗೆ ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ ಮಾಡಿಕೊಂಡಿರುವ ಮನೆ ನಮ್ಮದು. ಬೆಳಿಗ್ಗೆ ವಿಭೂತಿ ಇಡದೆ ಕಾಫಿಯನ್ನೂ ಮುಟ್ಟದ ಜನ. ಈ ಹೊಸಿಲನ್ನು ಹಾವು ದಾಟಿದೆ, ಮುಳ್ಳುಹಂದಿ ದಾಟಿದೆ, ಒಂದು ಸಲ ಪಕ್ಕದ ಮನೆಯ ಕರು ದಾಟಿ ಅಕ್ಕಿಯ ಮೂಟೆಗೆ ಬಾಯಿ ಹಾಕಿದೆ. ಮೀನು ಮಾತ್ರ ದಾಟಿರಲಿಲ್ಲ. ದಾಟಿಸಿದವಳು ನನ್ನ ಮೊಮ್ಮಗಳು ಅಮ್ಮು. ಹುಟ್ಟಿದ ದಿನಕ್ಕೆ ಏನು ಬೇಕೇ ಎಂದು ಅವಳಪ್ಪ, ಅಂದರೆ ನನ್ನ ಮಗ ಮಂಜು, ಕೇಳಿದ. ಅವಳು ಮೀನು ಎಂದಳು. ಅವನು ಗೂಡ್ಸ್ ಗಾಡಿ ಓಡಿಸುವವನು. ಸಕಲೇಶಪುರಕ್ಕೆ ಮೆಣಸಿನ ಮೂಟೆ ಹಾಕಿ ಬರುವಾಗ ಒಂದು ಗಾಜಿನ ತೊಟ್ಟಿ, ಗುಳುಗುಳು ಎಂದು ಗುಳ್ಳೆ ಬಿಡುವ ಒಂದು ಸಣ್ಣ ಯಂತ್ರ, ಪ್ಲಾಸ್ಟಿಕ್ ಚೀಲದ ನೀರಿನಲ್ಲಿ ಒಂದು ಮೀನು ತಂದು ಜಗಲಿಯ ಮೇಲಿಟ್ಟ.

ಬಣ್ಣ ನೋಡಬೇಕಿತ್ತು ನೀವು! ನಮ್ಮ ತೋಟದ ಕಿತ್ತಳೆ ಹಣ್ಣನ್ನು ಬಿಸಿಲಿಗೆ ಹಿಡಿದ ಹಾಗೆ. ಬಾಲವೋ, ಮೈಗಿಂತ ಉದ್ದ. ಧಾರೆ ಸೀರೆಯ ಸೆರಗು ಬಿಟ್ಟಂತೆ ಹಿಂದೆ ಹಿಂದೆ ಬರುತ್ತಿತ್ತು. ಅದಕ್ಕೆ ಬಾಲ ಎನ್ನಲು ನನಗೆ ಈಗಲೂ ಮನಸ್ಸು ಬರುವುದಿಲ್ಲ, ಸೆರಗು ಎಂದೇ ಕರೆಯುತ್ತೇನೆ. ಅಮ್ಮು ಅದಕ್ಕೆ ಚಿನ್ನಿ ಎಂದು ಹೆಸರಿಟ್ಟಳು.

ಪಕ್ಕದ ಮನೆಯಲ್ಲೇ ಇರುವ ನನ್ನ ನಾದಿನಿ ಪಾರ್ವತಿ ಸೋಮವಾರದ ಪೂಜೆ ಮುಗಿಸಿ ಬಂದವಳು ತೊಟ್ಟಿಯನ್ನು ನೋಡಿ ಬಾಗಿಲಲ್ಲೇ ನಿಂತಳು.

"ಅತ್ತಿಗೆ, ಇದೇನಿದು? ಶಿವನ ಮನೇಲಿ ಮೀನು ತಂದು ಕೂರಿಸಿದೀರಲ್ಲ!"

"ಶಿವ ತಲೆ ಮೇಲೆ ಗಂಗೆನೇ ಹೊತ್ಕಂಡು ಕೂತವ್ನೆ ಪಾರ್ವತಿ. ಗಂಗೇಲಿ ಮೀನಿರಲ್ವಾ?"

ಅವಳು ಆ ದಿನ ಕಾಫಿ ಕುಡಿಯದೆ ಹೋದಳು. ಹೋಗಲಿ ಬಿಡಿ, ಮರುದಿನ ಎರಡು ಲೋಟ ಕುಡಿದಳು.

ನಿಮಗೆ ಹೇಳಬೇಕು, ಮೀನು ನನಗೆ ಪೂರ್ತಿ ಹೊಸದಲ್ಲ. ತವರಿನಲ್ಲಿ ಮೊದಲ ಮಳೆ ಬಿದ್ದರೆ ಹಳ್ಳದ ಮೀನು ಗದ್ದೆಗೆ ಹತ್ತುತ್ತಿದ್ದವು. ಊರಿನ ಹುಡುಗರೆಲ್ಲ ಬಿದಿರಿನ ಬುಟ್ಟಿ ಹಿಡಿದು ಓಡುವಾಗ ನಾವು ಮಾತ್ರ ಜಗಲಿಯಲ್ಲಿ ಕೂತು ನೋಡಬೇಕು. ಒಂದು ಸಲ ನಾನು ತಡೆಯಲಾರದೆ ಬದುವಿಗೆ ಹೋಗಿ, ಬೆರಳುದ್ದದ ಒಂದು ಮೀನನ್ನು ಲಂಗದಲ್ಲಿ ಎತ್ತಿಕೊಂಡೆ. ಅಪ್ಪ ಕಂಡರು. ಬೈಯಲಿಲ್ಲ, ಹೊಡೆಯಲಿಲ್ಲ, ಕೊಟ್ಟಿಗೆಯ ಮುಂದೆ ನಿಲ್ಲಿಸಿ ತಲೆಯ ಮೇಲೆ ನೀರು ಸುರಿಸಿದರು, ಅಷ್ಟೆ. ಅಜ್ಜಿ ಹಣೆಗೆ ವಿಭೂತಿ ಬಳಿದಳು. ಆದರೆ ಆ ಮೀನು ಲಂಗದೊಳಗೆ ಒದ್ದದ್ದು ಹೊಟ್ಟೆಗೆ ತಾಕಿತ್ತು ನೋಡಿ, ಅದನ್ನು ಯಾವ ನೀರೂ ತೊಳೆಯಲಿಲ್ಲ. ಎಷ್ಟೋ ವರ್ಷದ ಮೇಲೆ ಮಂಜು ಹೊಟ್ಟೆಯಲ್ಲಿ ಮೊದಲ ಸಲ ಒದ್ದಾಗ, ಅಯ್ಯೋ ಇದು ನಂಗೆ ಗೊತ್ತಿರೋದೇ ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ, ಮಗುವನ್ನು ಮೀನಿಗೆ ಹೋಲಿಸಿದಳು ಎಂದು ನನ್ನ ಅತ್ತೆ ಇನ್ನೊಂದು ಸ್ನಾನ ಮಾಡಿಸುತ್ತಿದ್ದರು.

ಇರಲಿ, ಎಲ್ಲಿಗೋ ಹೋದೆ. ಬೇಸಿಗೆ ರಜೆ ಬಂತು. ಅಮ್ಮುವನ್ನು ಕರೆದುಕೊಂಡು ನನ್ನ ಸೊಸೆ ಆಲೂರಿನ ತವರಿಗೆ ಹೊರಟಳು. ಗಾಡಿ ಹತ್ತುವ ಮುಂಚೆ ಅಮ್ಮು ನನ್ನ ಸೆರಗು ಹಿಡಿದು ಎಳೆದಳು.

"ಅಜ್ಜಿ, ಚಿನ್ನೀನ ನೀನೇ ನೋಡ್ಕೋಬೇಕು. ತಾತನ ಕೈಗೆ ಕೊಡ್ಬೇಡ. ದಿನಕ್ಕೆ ಒಂದೇ ಸಲ ಊಟ."

"ಒಂದೇ ಸಲಾನಾ? ಪಾಪ ಕಣೇ."

"ಒಂದೇ ಸಲ!" ಎಂದು ಬೆರಳೆತ್ತಿದಳು. ಏಳು ವರ್ಷದ ಮಗುವಿನ ಗತ್ತು ನೋಡಿ! ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೂಡ ಆಳುಗಳಿಗೆ ಹಾಗೆ ಬೆರಳೆತ್ತುವುದಿಲ್ಲ. ನನ್ನ ಎದೆ ಹಿಗ್ಗಿ ಕುಪ್ಪಸದ ಗುಂಡಿ ಕಿತ್ತು ಬರುವುದೊಂದು ಬಾಕಿ.

ಆದರೆ ನಮ್ಮ ಮನೆಯಲ್ಲಿ ಯಾರಿಗೂ ಒಂದೇ ಹೊತ್ತು ಊಟ ಹಾಕಿದ ಅಭ್ಯಾಸವಿಲ್ಲವಲ್ಲ. ನಾನು ಹತ್ತಿರ ಹೋದರೆ ಸಾಕು, ಚಿನ್ನಿ ಗಾಜಿಗೆ ಮೂತಿ ಒತ್ತಿ ಬಾಯಿ ಬಾಯಿ ಬಿಡುತ್ತಿತ್ತು. ಬಾಯಿ ಬಿಟ್ಟವರಿಗೆ ಹಾಕದೆ ಹೇಗಿರುವುದು? ಹಾಕಿದೆ. ತಿಂದಷ್ಟು ತಿಂದಿತು, ಮಿಕ್ಕದ್ದು ತಳದ ಕಲ್ಲಿನ ನಡುವೆ ಕೊಳೆಯಿತು. ನೀರು ಅಕ್ಕಿ ತೊಳೆದ ಅಕ್ಕಚ್ಚಿನ ಬಣ್ಣಕ್ಕೆ ತಿರುಗಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಸೆರಗಿನ ಅಂಚು ಬೆಳ್ಳಗಾಗಿ, ಹಳೆಯ ಸೀರೆ ಪಿಸಿದಂತೆ ಎಳೆ ಎಳೆ ಬಿಟ್ಟಿದೆ.

ಮಂಜು ಮೀನಿನ ಅಂಗಡಿಗೆ ಫೋನ್ ಮಾಡಿದ. "ಬಾಲಕ್ಕೆ ಕೊಳೆ ಬಂದೈತಂತೆ ಕಣವ್ವ" ಎಂದು ಹೇಳಿ, ಬಾಡಿಗೆಗೆ ಹೊತ್ತಾಯಿತು ಎಂದು ಗಾಡಿ ಹತ್ತಿ ಹೋದ. ಪೂರ್ತಿ ಹೇಳಿ ಹೋಗಬಾರದೇ? ಅವನು ಬಿಟ್ಟುಹೋದ ಆ ಒಂದು ಮಾತು ಮನೆಯಲ್ಲಿ ಇಬ್ಬರ ಕಿವಿಗೆ ಎರಡು ಥರ ಬಿತ್ತು.

ನನ್ನ ಕಿವಿಗೆ ಬಿದ್ದ ಕೊಳೆ, ಮೈ ಕೊಳೆ, ಪಾತ್ರೆ ಕೊಳೆ. ಕೊಳೆಯಾದರೆ ಏನು ಮಾಡಬೇಕು? ತೊಳೆಯಬೇಕು. ನನ್ನ ಅತ್ತೆ ಕಲಿಸಿದ್ದೂ ಅದೇ: ನಿನ್ನೆಯ ನೀರು ಇವತ್ತು ಕೊಡದಲ್ಲಿ ಇರಕೂಡದು. ಕೋಳಿ ಕೂಗುವ ಹೊತ್ತಿಗೆ ಹಳೆಯ ನೀರು ಚೆಲ್ಲಿ, ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ, ಮುಖ ಕಾಣುವ ಹಾಗೆ ಬೆಳಗಿ ಹೊಸ ನೀರು ತುಂಬಬೇಕು. ನಾನು ಚಿನ್ನಿಯನ್ನು ಒಂದು ಬೋಗುಣಿಗೆ ಎತ್ತಿಟ್ಟು ತೊಟ್ಟಿಯ ನೀರೆಲ್ಲ ಮಲ್ಲಿಗೆ ಬುಡಕ್ಕೆ ಸುರಿದೆ. ಗಾಜಿಗೆ ಬೂದಿ ಹಾಕಿದೆ. ಕಲ್ಲುಗಳನ್ನು ಒಂದೊಂದಾಗಿ ತೆಂಗಿನ ನಾರಿನಿಂದ ಉಜ್ಜಿದೆ. ಗುಳ್ಳೆಯ ಯಂತ್ರದ ಸ್ಪಂಜನ್ನು ಬಟ್ಟೆಯ ಹಾಗೆ ಹಿಂಡಿ ಬಿಸಿಲಿಗೆ ಹಾಕಿದೆ. ಬಾವಿ ತಳ ಕಂಡಿದ್ದರಿಂದ ಪಂಚಾಯ್ತಿ ನಲ್ಲಿಯ ನೀರೇ ತುಂಬಿದೆ. ಬ್ಲೀಚಿಂಗ್ ಪೌಡರಿನ ವಾಸನೆ ಘಂ ಎಂದಿತು, ಅದೂ ಶುದ್ಧದ ಲಕ್ಷಣವೇ ಎಂದುಕೊಂಡೆ. ತೊಟ್ಟಿ ಫಳಫಳ ಹೊಳೆಯಿತು. ಬಂದವರಿಗೆಲ್ಲ ತೋರಿಸಿದೆ. ಮರುದಿನವೂ ತೊಳೆದೆ, ಅದರ ಮರುದಿನವೂ. ತೊಟ್ಟಿ ಹೊಳೆದಷ್ಟೂ ಚಿನ್ನಿ ಮಂಕಾಯಿತು. ಸೆರಗು ಮಡಿಸಿಕೊಂಡು ತಳದ ಮೂಲೆಯಲ್ಲಿ, ಜ್ವರ ಬಂದ ಹೆಂಗಸು ಒಲೆಯ ಪಕ್ಕ ಮಲಗಿದಂತೆ ಮಲಗಿಬಿಟ್ಟಿತು.

ನಮ್ಮ ಯಜಮಾನರ ಕಿವಿಗೆ ಬಿದ್ದ ಕೊಳೆ ಬೇರೆ. ಕಾಫಿ ತೋಟ ಮಾಡುವವರ ಮುಂದೆ ಕೊಳೆ ಎಂದು ಹೇಳಿ ನೋಡಿ, ನಿದ್ದೆಯಲ್ಲಿದ್ದರೂ ಎದ್ದು ಕೂರುತ್ತಾರೆ. ಕೊಳೆರೋಗ! ಮಳೆಗಾಲದಲ್ಲಿ ಎಲೆ, ಕಾಯಿ ಎಲ್ಲ ಕಪ್ಪಾಗಿ ಕೊಳೆತು ತೊಟ್ಟಿನಲ್ಲೇ ಜೋತು ಬೀಳುವ ರೋಗ. ಅದಕ್ಕೆ ಇವರ ಹತ್ತಿರ ಇರುವ ಮದ್ದು ಒಂದೇ, ಬೋರ್ಡೋ: ಮೈಲುತುತ್ತ ಕರಗಿಸಿ, ಸುಣ್ಣದ ತಿಳಿ ಬೆರೆಸಿ ಮಳೆಗೆ ಮುಂಚೆ ತೋಟಕ್ಕೆ ಹೊಡೆಯುವ ನೀಲಿ ಔಷಧಿ. ಅದ್ದಿದ ಕತ್ತಿಯ ಅಲಗಿಗೆ ತಾಮ್ರದ ಕೆಂಪು ಹತ್ತದಿದ್ದರೆ ಹದ ಸರಿ. ಆ ಹದ ನೋಡುವುದರಲ್ಲಿ ಇವರನ್ನು ಮೀರಿಸುವವರಿಲ್ಲ ಎಂದು ಇವರೇ ಹೇಳುತ್ತಾರೆ. ಆಗ ಹೊಡೆಯುವ ಕಾಲವೂ ಆಗಿತ್ತು. ನಾನು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದೆ. ಇವರು ಒಂದು ಕೈಯಲ್ಲಿ ಕತ್ತಿ, ಒಂದು ಕೈಯಲ್ಲಿ ಚೊಂಬು ಹಿಡಿದು ಜಗಲಿ ಹತ್ತಿದರು. ಚೊಂಬಿನಲ್ಲಿ ಆಕಾಶದ ಬಣ್ಣದ ನೀರು.

"ಏನ್ರೀ ಅದು?"

"ಬೋರ್ಡೋ. ಸುಮ್ನೆ ಸರ್ಕೋ. ಒಂದೇ ಗುಟುಕು ಬಿಡ್ತೀನಿ. ಸುಣ್ಣ ಸರಿಯಾಗ್ ಹಾಕಿವ್ನಿ, ಕತ್ತಿ ಅದ್ದಿ ನೋಡಿವ್ನಿ, ಕೆಂಪು ಹತ್ತಿಲ್ಲ."

"ಮೀನಿಗಾ?"

"ಕೊಳೆ ಬಂದ್ಮೇಲೆ ಇನ್ನೇನ್ ಹಾಕ್ತಾರೆ? ಕೇಸರಿಬಾತಾ?"

ನಾನು ಅಕ್ಕಿ ಚೆಲ್ಲಿದರೆ ಚೆಲ್ಲಲಿ ಎಂದು ಮೊರ ಬೋರಲು ಹಾಕಿ ತೊಟ್ಟಿಯ ಬಾಯಿ ಮುಚ್ಚಿದೆ. "ಪೀಪಾಯಿ ತೊಳೆದ ನೀರು ಹಳ್ಳಕ್ಕೆ ಹೋದಾಗ ಕಪ್ಪೆಮರಿ ಏನಾಗ್ತವೆ? ಹೊಟ್ಟೆ ಮೇಲ್ ಮಾಡ್ಕಂಡು ತೇಲ್ತವೆ. ಕಂಡಿಲ್ವಾ ನೀವು?"

"ಕಪ್ಪೆ ಬೇರೆ, ಮೀನು ಬೇರೆ ಕಣೇ."

"ಎರಡೂ ನೀರಲ್ಲೇ ಉಸಿರಾಡೋವು ಕಣ್ರೀ. ಬೇಕಿದ್ರೆ ನೀವೇ ಒಂದ್ ಗುಟುಕು ಕುಡೀರಿ, ನಿಮಗೇನೂ ಆಗ್ಲಿಲ್ಲ ಅಂದ್ರೆ ಅದಕ್ಕೂ ಹಾಕಾಣ."

ಅವರು ಚೊಂಬಿನ ಕಡೆ ಒಂದು ಸಲ, ನನ್ನ ಕಡೆ ಒಂದು ಸಲ ನೋಡಿ ತೋಟದ ದಾರಿ ಹಿಡಿದರು. ಹೋಗುವಾಗ, "ಒಂದು ಮೀನಿಗೆ ಇಷ್ಟೊಂದು ರಂಪ! ಹಳ್ಳಕ್ ಬಿಸಾಕು, ಮಗು ಬರೋ ಹೊತ್ತಿಗೆ ಇನ್ನೊಂದ್ ತಂದ್ರಾಯ್ತು" ಎಂದರು. ಆ ಮಾತು ನನ್ನ ಎದೆಗೆ ನಾಟಿತು. ಬಿಸಾಕುವುದಂತೆ! ಮಗು ನನ್ನ ಸೆರಗು ಹಿಡಿದು ಒಪ್ಪಿಸಿ ಹೋದ ಜೀವ ಅದು. ಅದನ್ನು ಉಳಿಸಿಕೊಂಡೇ ಅವಳ ಮುಂದೆ ನಿಲ್ಲುತ್ತೇನೆ ಎಂದು ಆಗಲೇ ನಿಶ್ಚಯ ಮಾಡಿದೆ.

ಮರುದಿನ ತೊಟ್ಟಿಯ ನೀರನ್ನು ಒಂದು ಬಾಟಲಿಗೆ ತುಂಬಿ ಸಕಲೇಶಪುರದ ಬಸ್ಸು ಹತ್ತಿದೆ. ವೈದ್ಯರಿಗೆ ಮೂತ್ರ ತೋರಿಸುವುದಿಲ್ಲವೇ, ಹಾಗೆ. ಕಂಡಕ್ಟರ್ ನನ್ನ ಮಡಿಲಿನ ಬಾಟಲಿ ನೋಡಿ, "ಏನಜ್ಜಿ, ತೀರ್ಥನಾ? ನಮಗೂ ಒಂಚೂರು ಕೊಡಿ" ಎಂದ. "ತಗಳಪ್ಪ, ಮೀನು ಈಜಿದ್ದು" ಎಂದೆ. ಇಡೀ ಬಸ್ಸು ನಕ್ಕಿತು. ನಗಲಿ, ನನಗೇನು.

ಅಂಗಡಿಯವನು ಬಾಟಲಿಯ ಮುಚ್ಚಳ ತೆಗೆದು ಮೂಸಿ ಮುಖ ಕಿವುಚಿದ. "ಅಜ್ಜಿ, ನೀರು ಎಷ್ಟು ಬದಲಾಯಿಸ್ತೀರಿ?"

"ಎಷ್ಟು ಅಂದ್ರೆ? ಪೂರ್ತಿ. ದಿನಾ. ಬೂದಿ ಹಾಕಿ ತಿಕ್ತೀನಿ."

ಅವನು ಹಣೆ ಚಚ್ಚಿಕೊಂಡ. "ನೀವು ಮೀನು ಸಾಕ್ತಿದೀರೋ, ಪಾತ್ರೆ ತೊಳೀತಿದೀರೋ?"

"ಪಾತ್ರೆ ತೊಳೀದಿರೋ ಮನೇಲಿ ನೀನು ಕಾಫಿ ಕುಡೀತೀಯೇನಪ್ಪ?"

ಅವನಿಗೆ ನಗು ಬಂತು. ಒಂದು ಸ್ಟೂಲು ಕೊಟ್ಟು ಕೂರಿಸಿ ಹೇಳಿದ. ಕಲ್ಲಿನಲ್ಲಿ, ಸ್ಪಂಜಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಕೂತು ಮೀನಿನ ಹೊಲಸನ್ನು ತಿಂದು ನೀರು ಸರಿಮಾಡುತ್ತವಂತೆ. ಉಜ್ಜಿದರೆ ಅವು ಹೋದವು. ಬ್ಲೀಚಿಂಗ್ ನೀರು ಹಾಕಿದರೆ ಮಿಕ್ಕವೂ ಹೋದವು, ಜೊತೆಗೆ ಮೀನಿನ ಮೈಯೂ ಉರಿಯುತ್ತದೆ. ತಿಂದು ಮಿಕ್ಕ ಹೊಲಸಿನಲ್ಲಿ ಶುರುವಾದ ಕೊಳೆ ಅಂಥ ನೀರಿನಲ್ಲಿ ಇನ್ನೂ ಹೆಚ್ಚುತ್ತದಂತೆ.

"ಅಂದ್ರೆ ಹೆಪ್ಪು ತೊಳೆದುಬುಟ್ಟೆ ಅನ್ನು" ಎಂದೆ.

"ಯಾವ ಹೆಪ್ಪು?"

"ಮೊಸರಿಂದು ಕಣಪ್ಪ. ತಳದಲ್ಲಿ ಹಳೇದು ಒಂಚೂರು ಉಳಿಸ್ದೆ ಇದ್ರೆ ನಾಳೆ ಹಾಲು ಹೆಪ್ಪಾಗ್ತೈತಾ?"

"ಅದೇ ಅಜ್ಜಿ, ಅದೇ!" ಎಂದು ಅವನು ಮೇಜು ಕುಟ್ಟಿದ.

ಆಮೇಲೆ ಎಲ್ಲ ಸಲೀಸಾಯಿತು. ನಲ್ಲಿಯ ನೀರನ್ನು ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ನಿಲ್ಲಿಸಿ ವಾಸನೆ ಬಿಡಿಸಬೇಕು. ತೊಟ್ಟಿಯಿಂದ ಕಾಲು ಭಾಗ ತೆಗೆದು ಅಷ್ಟನ್ನೇ ತುಂಬಬೇಕು. ಸ್ಪಂಜು ಅಲಬುವುದಾದರೆ ತೆಗೆದ ಹಳೆಯ ನೀರಿನಲ್ಲೇ ಅಲಬಬೇಕು. ಊಟ, ನೋಡುತ್ತಿರುವಾಗಲೇ ತಿಂದು ಮುಗಿಸುವಷ್ಟು, ಒಂದು ಕಾಳೂ ಹೆಚ್ಚಿಲ್ಲ. ಔಷಧಿ ಹಾಕುವಾಗ ಮೀನು ಬೇರೆ ಟಬ್ಬಿನಲ್ಲಿರಬೇಕು, ಅದಕ್ಕೆ ಸ್ವಲ್ಪ ಕಲ್ಲುಪ್ಪು ಕರಗಿಸಬೇಕು. ಒಂದು ಸಣ್ಣ ಬಾಟಲಿ ನೀಲಿ ಔಷಧಿ ಕೊಟ್ಟ. ಕೊಟ್ಟು, "ಆದ್ರೂ ಅಜ್ಜಿ, ಬುಡದವರೆಗೂ ಕೊಳೆತಿದ್ರೆ ಉಳಿಯೋದು ಕಷ್ಟ. ಇನ್ನೊಂದು ತಗಂಡೋಗಿ ಬಿಡಿ" ಎಂದ.

"ಇನ್ನೊಂದು ಕೇಳಕ್ಕೆ ಬಸ್ ಹತ್ತಿಲ್ಲ ಕಣಪ್ಪ" ಎಂದು ಎದ್ದೆ.

ಅಂದಿನಿಂದ ಶುರುವಾಯಿತು ಬಾಣಂತನ. ಔಷಧಿಯ ನೀಲಿ ಒಂದು ಹನಿ ಬಿದ್ದರೆ ಸಾಕು, ಬೆರಳು ನೀಲಿ, ಸೀರೆ ನೀಲಿ. ಪಾರ್ವತಿ ನನ್ನ ಕೈ ನೋಡಿ, "ನೀಲಕಂಠನ್ನ ಕೇಳಿದ್ದೆ, ನೀಲಿಕೈಯೋಳ್ನ ಇವತ್ತೇ ನೋಡಿದ್ದು" ಎಂದಳು. ಕರೆಂಟು ಹೋದರೆ ಗುಳ್ಳೆಯ ಯಂತ್ರ ನಿಲ್ಲುತ್ತದೆ. ಮೀನು ಮೇಲೆ ಬಂದು ಗಾಳಿಗೆ ಬಾಯಿ ಬಿಡುತ್ತದೆ. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆ ಎಂದು ಕೇಳಬಾರದು, ಯಾವಾಗ ಇರುತ್ತದೆ ಎಂದು ಕೇಳಬೇಕು. ಆಗೆಲ್ಲ ನಾನು ಟಬ್ಬಿನ ಪಕ್ಕ ಕೂತು, ಲೋಟದಲ್ಲಿ ನೀರೆತ್ತಿ ಎತ್ತರದಿಂದ ಸಣ್ಣ ಧಾರೆಯಾಗಿ ಬಿಡುತ್ತಿದ್ದೆ, ಕಾಫಿ ಆರಿಸುವ ಹಾಗೆ. ಇದನ್ನು ಯಾರೂ ಹೇಳಿಕೊಡಲಿಲ್ಲ. ಕಾಫಿಗೆ ನೊರೆ ಬರುವುದಾದರೆ ನೀರಿಗೆ ಗಾಳಿ ಸೇರುವುದಿಲ್ಲವೇ? ದಾರಿಯಲ್ಲಿ ಹೋಗುವವರು ಬೇಲಿಯ ಆಚೆಯಿಂದ ಕೇಳುವರು, "ಏನ್ ಗಂಗಾಧರೇಶ್ವರಂಗೆ ಅಭಿಷೇಕನಾ?" ನಾನು, "ಹೂಂ, ಪ್ರಸಾದ ಆಮೇಲೆ, ಈಗ ನಡೀರಿ" ಎನ್ನುವೆ.

ಹೀಗಿರುವಾಗ ನಮ್ಮ ಯಜಮಾನರು ಪೇಟೆಗೆ ಹೋದವರು ಪ್ಲಾಸ್ಟಿಕ್ ಚೀಲದಲ್ಲಿ ಇನ್ನೊಂದು ಮೀನು ತಂದೇಬಿಟ್ಟರು.

"ನೋಡು, ಅದೇ ಬಣ್ಣ, ಅದೇ ಗಾತ್ರ. ಮಗೂಗೆ ಗೊತ್ತಾಗಲ್ಲ. ಇನ್ನು ಆ ಹಳೇದನ್ನ ಬಿಟ್ಟಾಕು."

ನನಗೆ ಎಲ್ಲಿತ್ತೋ ಸಿಟ್ಟು. "ನಾನು ಸತ್ರೂ ಹಿಂಗೇ ಮಾಡ್ತೀರಾ? ಅದೇ ಬಣ್ಣದ್ದು, ಅದೇ ಗಾತ್ರದ್ದು ಒಂದು ತಂದು ಅಡಿಗೆಮನೇಲಿ ಕೂರಿಸ್ತೀರಾ, ಮಗೂಗೆ ಗೊತ್ತಾಗಲ್ಲ ಅಂತ?"

"ನಿನ್ನ ಗಾತ್ರದ್ದು ಎಲ್ ಸಿಗ್ತೈತೆ ಮಾರಾಯ್ತಿ" ಎಂದರು ಅವರು. ನಗಬಾರದು ಎಂದು ತುಟಿ ಕಚ್ಚಿದೆ, ಆಗಲಿಲ್ಲ. ತಂದ ಜೀವ ತಂದಾಯಿತು. ಅದನ್ನು ಬೇರೆ ಗಾಜಿನ ಭರಣಿಯಲ್ಲಿಟ್ಟು ಅದಕ್ಕೂ ನಿಲ್ಲಿಸಿದ ನೀರನ್ನೇ ಹಾಕಿದೆ. ಆದರೆ ಮಗುವಿನ ಕಣ್ಣಿಗೆ ಮಣ್ಣೆರಚುವುದಕ್ಕೆ ಬಿಡುವುದಿಲ್ಲ ಎಂದು ಅವರ ಮುಖದ ಮೇಲೆಯೇ ಹೇಳಿದೆ.

ಚಿನ್ನಿಯ ಸೆರಗು ಮೊದಲು ಇನ್ನಷ್ಟು ಮೋಟಾಯಿತು. ಆಮೇಲೆ ಹಾಗೇ ನಿಂತಿತು. ಆಮೇಲೆ ಒಂದು ಬೆಳಿಗ್ಗೆ ಬಿಸಿಲು ಟಬ್ಬಿಗೆ ಬಿದ್ದಾಗ ನೋಡುತ್ತೇನೆ, ಹರಿದ ಅಂಚಿನಿಂದ ಆಚೆಗೆ ಬಣ್ಣವೇ ಇಲ್ಲದ, ಈರುಳ್ಳಿಯ ಒಳಪೊರೆಯಂಥ ತೆಳ್ಳನೆಯ ಒಂದು ಎಳೆ. ಅಯ್ಯೋ, ಏನು ಹೇಳಲಿ! ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಬಿಟ್ಟು ಓಡಿ ಎಲ್ಲರನ್ನೂ ಕೂಗಿದೆ. ಯಜಮಾನರು ಕನ್ನಡಕ ಹಾಕಿಕೊಂಡು, ಗಿಡ ಕಸಿಯಾದ ಮೇಲೆ ನೋಡುವ ಹಾಗೆ ಬಗ್ಗಿ ಬಹಳ ಹೊತ್ತು ನೋಡಿದರು.

"ಚಿಗುರೊಡೆದೈತೆ ಕಣೇ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ನಾನು ಆ ದಿನ ಪಾಯಸ ಮಾಡಿದೆ. ಯಾವ ಹಬ್ಬ ಎಂದು ಪಾರ್ವತಿ ಕೇಳಿದಳು. ಬಾಲದ ಹಬ್ಬ ಎಂದೆ.

ಚಿನ್ನಿಯನ್ನು ಟಬ್ಬಿನಿಂದ ತೊಟ್ಟಿಗೆ ಮರಳಿ ಬಿಟ್ಟ ಎರಡೇ ದಿನಕ್ಕೆ, ಶಾಲೆ ಶುರುವಾಗುವ ಮುಂಚೆ, ಅಮ್ಮು ಬಂದಳು. ಗಾಡಿ ಪೂರ್ತಿ ನಿಲ್ಲುವ ಮೊದಲೇ ಇಳಿದು ಜಗಲಿಗೆ ಓಡಿದಳು. ಅವಳ ಕಣ್ಣಿಗೆ ಮೊದಲು ಬಿದ್ದದ್ದು ಭರಣಿ. "ಚಿನ್ನೀ!" ಎಂದು ಅದನ್ನು ತಬ್ಬಿಕೊಂಡಳು. ಯಜಮಾನರು ನನ್ನ ಕಡೆ ತಿರುಗಿ ಮೀಸೆಯಲ್ಲೇ ನಕ್ಕರು.

"ಅದಲ್ಲ ಕಣವ್ವ. ನಿನ್ ಚಿನ್ನಿ ಇಲ್ಲೈತೆ" ಎಂದು ತೊಟ್ಟಿಯ ಹತ್ತಿರ ಕರೆದೆ. ನಾನು ಬೂದಿ ಹಾಕಿ ತೊಳೆದದ್ದು, ತಾತ ಬೋರ್ಡೋ ತಂದದ್ದು, ಹೊಸ ಮೀನು ಬಂದದ್ದು, ಎಲ್ಲವನ್ನೂ ಹೇಳಿದೆ. ಅಮ್ಮು ಗಾಜಿಗೆ ಮೂಗು ಒತ್ತಿ ನೋಡಿದಳು.

"ಬಾಲ ಹರಿದೋಗೈತೆ ಅಜ್ಜಿ."

"ಚಿಗುರ್ತಾ ಐತೆ ನೋಡು."

"ಮೊದಲಿನ ಥರಾನೇ ಬರ್ತೈತಾ?"

"ಬರಬೋದು. ಸೊಟ್ಟಪಟ್ಟ ಬಂದ್ರೂ ಬರಬೋದು."

ಅವಳು ತೊಟ್ಟಿ ನೋಡಿದಳು, ಭರಣಿ ನೋಡಿದಳು. ಕೆಳತುಟಿ ಮುಂದೆ ಮಾಡಿ ಯೋಚಿಸಿದಳು. ಆಮೇಲೆ ಮೆಲ್ಲಗೆ ಭರಣಿಯ ಮೇಲೆ ಕೈಯಿಟ್ಟು, "ಅಜ್ಜಿ, ನಂಗೆ ಇದೇ ಇರ್ಲಿ" ಎಂದಳು.

ಯಜಮಾನರಿಗೂ ನಗಲಾಗಲಿಲ್ಲ. ಸೊಸೆ ಕಣ್ಣು ಬಿಟ್ಟಳು. "ಅಮ್ಮೂ! ಅಜ್ಜಿ ನಿಂಗೋಸ್ಕರ ಎಷ್ಟು ಒದ್ದಾಡವ್ರೆ ಗೊತ್ತಾ? ಅದೇ ಬೇಕು ಅನ್ನು."

"ಸುಮ್ನಿರವ್ವ" ಎಂದೆ. "ಮಗು ಬಾಯಲ್ಲಿ ಸುಳ್ಳು ಹೇಳಿಸ್ಬೇಡ."

ನನಗೆ ಬೇಜಾರಾಗಿರಬೇಕು ಎಂದು ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಬೇಜಾರೆಲ್ಲಿ ಬಂತು? ನನ್ನ ಮೊಮ್ಮಗಳು ಇಷ್ಟು ದೊಡ್ಡವರ ನಡುವೆ ನಿಂತು ತನ್ನ ಮನಸ್ಸಿಗೆ ಬಂದದ್ದನ್ನು ಹೇಳಿದಳು! ಆ ವಯಸ್ಸಿನಲ್ಲಿ ನನಗೆ ಆ ಬಾಯಿ ಇರಲಿಲ್ಲ. ಅವಳನ್ನು ಎತ್ತಿ ಮುದ್ದಾಡಿದೆ. ಚಿನ್ನಿ ಎಂಬ ಹೆಸರನ್ನೂ ಅವಳ ಮೀನಿಗೇ ಬಿಟ್ಟುಕೊಟ್ಟೆ. ತೊಟ್ಟಿಯಲ್ಲಿದ್ದದ್ದು ಮೋಟು ಸೆರಗನ್ನು ಬೀಸಿಕೊಂಡು ಮೇಲೆ ಬಂದು, ಯಾರನ್ನೂ ನೋಡದೆ ನನ್ನ ನೀಲಿ ಬೆರಳಿಗೆ ನೇರವಾಗಿ ಬಾಯಿ ಬಿಟ್ಟಿತು.

"ಅಂಗಾದ್ರೆ ಇದು ಯಾರ್ದು ಅಜ್ಜಿ?" ಎಂದಳು ಅಮ್ಮು.

"ನಂದು."

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಪಾರ್ವತಿ ಗಲ್ಲಕ್ಕೆ ಕೈಯಿಟ್ಟಳು. "ಶಿವಶಿವಾ! ಈ ವಯಸ್ಸಲ್ಲಿ, ಈ ಮನೇಲಿ, ನಿಮಗೊಂದು ಮೀನಾ ಅತ್ತಿಗೆ?"

"ಹೂಂ ಪಾರ್ವತಿ, ನಂಗೊಂದು ಮೀನು" ಎಂದೆ. "ಏನೀಗ?"